ಅರಿವು ಸಾಲದ ದುಡ್ಡಿನ ಲೆಕ್ಕ: ಸದನದಲ್ಲಿ ಎಂತ ಕೇಳಿಸಬೇಕು?

ಲೆಕ್ಕದ ಶೆಟ್ರು

ಬಜೆಟ್ ಅಧಿವೇಶನ ಹತ್ತಿರ ಬಂತು. ಅರಿವು ಸಾಲ ಎಂದ ಕೂಡಲೇ ಸದನಕ್ಕೆ ಹೋಗುವ ಪ್ರಶ್ನೆ ಒಂದೇ ಅಚ್ಚಿನದ್ದು: ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಕೊಟ್ಟಿರಿ, ಉಳಿದವರಿಗೆ ಯಾವಾಗ. ಉತ್ತರ ಕೊಡುವವರಿಗೂ ಸುಲಭ, ಅನುಬಂಧದಲ್ಲಿ ತಾಲೂಕುವಾರು ಪಟ್ಟಿ ಅಂಟಿಸಿದರೆ ಮುಗಿಯಿತು. ದುಡ್ಡು ಎಲ್ಲಿಂದ ಬಂತು, ತಿರುಗಿ ಬಂತಾ, ಬಾರದ್ದನ್ನು ಪುಸ್ತಕದಲ್ಲಿ ಎಲ್ಲಿ ಇಟ್ಟಿದ್ದಾರೆ ಎಂದು ಕೇಳುವವರು ಕಡಿಮೆ.

ಹೊಸಬರಿಗೆ ಒಂದು ಮಾತು. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಶೇ. 2ರ ದರದಲ್ಲಿ ಸಿಗುವ ಈ ಸಾಲ ಕೊಡುವುದು ಇಲಾಖೆ ಅಲ್ಲ, ನಿಗಮಗಳು. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, 1986ರಲ್ಲಿ ಶುರುವಾದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ಇಂಥವು. ಇವು ಕಂಪನಿ ಕಾಯ್ದೆಯಡಿ ನೋಂದಣಿಯಾದ ಸರ್ಕಾರಿ ಕಂಪನಿಗಳು. ಹಾಗಾಗಿ ಶಾಸಕಾಂಗ ಇವನ್ನು ನೋಡುವ ದಾರಿಯೂ ಇಲಾಖೆಯದ್ದಕ್ಕಿಂತ ಬೇರೆ.

ದಕ್ಷಿಣ ಕನ್ನಡದ 8, ಉಡುಪಿಯ 5, ಒಟ್ಟು 13 ಶಾಸಕರು ನಮಗಿದ್ದಾರೆ. ಮೇಲಿಂದ ಪರಿಷತ್ತಿನವರು. ಜಾರಿಕೊಳ್ಳಲಿಕ್ಕೆ ಆಗದ ಒಂದು ಪ್ರಶ್ನೆ ತಯಾರು ಮಾಡಿ ಇವರಲ್ಲಿ ಒಬ್ಬರ ಕೈಗೆ ಕೊಡುವ. ಯಾರಿಗೆ ಎಂತ ಗೊತ್ತುಂಟೋ ಹಾಕಿ.

ಶಂಕರಪುರ ಮಲ್ಲಿಗೆ

ಬಜೆಟ್‌ನಿಂದಲೇ ಹಿಡಿಯಿರಿ. ನಿಗಮಕ್ಕೆ ದುಡ್ಡು ಹೋಗುವ ಬಾಗಿಲು ಮೂರು. ಲೆಕ್ಕ ಶೀರ್ಷಿಕೆ 2225ರಲ್ಲಿ ಹೋದರೆ ಅದು ರಾಜಸ್ವ ವೆಚ್ಚ, ಅಂದರೆ ಅನುದಾನ. 4225ರಲ್ಲಿ ಹೋದರೆ ಬಂಡವಾಳ ವೆಚ್ಚ. ಅದರೊಳಗೆ ಕಿರು ಶೀರ್ಷಿಕೆ 190 ಇದ್ದರೆ ನಿಗಮದ ಷೇರು ಬಂಡವಾಳ. 6225 ಆದರೆ ಸರ್ಕಾರ ನಿಗಮಕ್ಕೆ ಕೊಟ್ಟ ಸಾಲ. ಬೇಡಿಕೆ ಪುಸ್ತಕದಲ್ಲಿ ಈ ಮೂರು ಅಂಕಿಗಳ ಹಿಂದೆ ಹೋದರೆ ಸಾಕು, ಭಾಷಣ ಕೇಳಬೇಕೆಂದಿಲ್ಲ.

ಇದಲ್ಲದೆ ನಾಲ್ಕನೆಯದ್ದೂ ಉಂಟು, ಬಜೆಟ್‌ನಲ್ಲಿ ನೇರ ಕಾಣುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಹಣಕಾಸು ನಿಗಮ (1992), ಅಲ್ಪಸಂಖ್ಯಾತರ ಹಣಕಾಸು ನಿಗಮ (1994) ಇವು ರಾಜ್ಯ ನಿಗಮಕ್ಕೆ ಸಾಲ ಕೊಡುತ್ತವೆ. ವಿದ್ಯಾರ್ಥಿ ಕಟ್ಟಲಿ ಬಿಡಲಿ, ನಿಗಮ ಅವರಿಗೆ ಕಂತು ಕಟ್ಟಲೇಬೇಕು. ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇದ್ದರೆ ಹೊಣೆ ಕೊನೆಗೆ ಬೊಕ್ಕಸದ ತಲೆಗೆ. ಖಾತರಿಗಳಿಗೆ ಮಿತಿ ಹಾಕುವ ಕಾಯ್ದೆ ಕರ್ನಾಟಕದಲ್ಲಿ 1999ರಿಂದಲೇ ಇದೆ, ಖಾತರಿಯ ವಿವರ ಸಿಎಜಿಯ (ಸರ್ಕಾರದ ಲೆಕ್ಕ ನೋಡುವ ಮಹಾಲೆಕ್ಕ ಪರಿಶೋಧಕರ) ಹಣಕಾಸು ಲೆಕ್ಕಗಳ 20ನೇ ವಿವರಣಾ ಪಟ್ಟಿಯಲ್ಲಿ ಸಿಗುತ್ತದೆ.

ಪಡುಬಿದ್ರಿ ಗಾಳಿ

ಅಕ್ಕ, ಯಾವ ಬಾಗಿಲಿಂದ ಹೋದರೆ ಎಂತ? ಮಕ್ಕಳಿಗೆ ಫೀಸು ಸಿಕ್ಕಿದರೆ ಆಯಿತಲ್ಲ.

ಶಂಕರಪುರ ಮಲ್ಲಿಗೆ

ಮಕ್ಕಳಿಗೆ ವ್ಯತ್ಯಾಸ ಇಲ್ಲ, ಲೆಕ್ಕಕ್ಕೆ ಉಂಟು. ಷೇರು ಬಂಡವಾಳ ಎಂದು ಕೊಟ್ಟರೆ ಸರ್ಕಾರದ ಪುಸ್ತಕದಲ್ಲಿ ಅದು ರಾಜಸ್ವ ಖರ್ಚಲ್ಲ, ಹೂಡಿಕೆ. ಹಣಕಾಸು ಲೆಕ್ಕಗಳ 19ನೇ ಪಟ್ಟಿಯಲ್ಲಿ ಕೊಟ್ಟಷ್ಟೇ ಮೊತ್ತ ವರ್ಷವರ್ಷ ಹಾಗೇ ನಿಂತಿರುತ್ತದೆ. ಆ ಕಡೆ ನಿಗಮ ಅದೇ ದುಡ್ಡನ್ನು ಶೇ. 2ಕ್ಕೆ ಹಂಚಿ, ಅರ್ಧ ವಾಪಸ್ ಬಾರದೆ ಹೋಗಿರಬಹುದು. ಅಂದರೆ ರಾಜ್ಯದ ರಾಜಸ್ವ ಕೊರತೆಯಲ್ಲಿ ಕಾಣಬೇಕಾದ ಸಹಾಯಧನ ಆಸ್ತಿಯ ವೇಷ ಹಾಕಿ ಕೂತಿರುತ್ತದೆ. ಸಹಾಯಧನ ಕೊಡುವುದು ತಪ್ಪಲ್ಲ. ಸಹಾಯಧನವೆಂದೇ ಬರೆಯಿರಿ, ಸದನ ಅದನ್ನು ಸಹಾಯಧನವೆಂದೇ ತಿಳಿದು ಒಪ್ಪಲಿ ಅಂತ ನನ್ನ ವಾದ.

ಹಂಪನಕಟ್ಟೆ

ಅಕ್ಕ ಹೇಳಿದ್ದನ್ನು ಪತ್ತೆ ಹಚ್ಚಬೇಕಾದರೆ ನಿಗಮದ ಅಡಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಬೇಕು. ಮುಖ್ಯ ತೊಡಕು ಅಲ್ಲೇ. ದಿನಾಂಕಗಳನ್ನು ನೆನಪಿಟ್ಟುಕೊಳ್ಳಿ.

ಸರ್ಕಾರಿ ಕಂಪನಿಗೆ ಲೆಕ್ಕ ಪರಿಶೋಧಕರನ್ನು ನೇಮಿಸುವುದು ಸಿಎಜಿ, ಆರ್ಥಿಕ ವರ್ಷ ಶುರುವಾದ 180 ದಿನದೊಳಗೆ (2013ರ ಕಂಪನಿ ಕಾಯ್ದೆ, ಕಲಂ 139(5)). ಆ ಪರಿಶೋಧಕರ (ಸಿಎ) ವರದಿ ಸಿಎಜಿಗೆ ಹೋದ ಮೇಲೆ 60 ದಿನದೊಳಗೆ ಸಿಎಜಿ ಪೂರಕ ಪರಿಶೋಧನೆ ಮಾಡಿ ಟೀಕೆ ಬರೆಯಬಹುದು (143(6)). ಮಾರ್ಚ್ 31ಕ್ಕೆ ಮುಗಿದ ವರ್ಷದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ. ಸಭೆಯಾಗಿ 3 ತಿಂಗಳೊಳಗೆ ಸರ್ಕಾರ ವಾರ್ಷಿಕ ವರದಿ ತಯಾರಿಸಿ, ಆಮೇಲೆ ಆದಷ್ಟು ಬೇಗ ಪರಿಶೋಧನಾ ವರದಿ ಮತ್ತು ಸಿಎಜಿ ಟೀಕೆ ಸಮೇತ ಸದನದ ಮುಂದೆ ಇಡಬೇಕು. ಅದು ಕಲಂ 395.

ಲೆಕ್ಕ ಹಾಕಿ: ಎಲ್ಲ ಸರಿಯಾಗಿ ನಡೆದರೆ 2023-24ರ ವರದಿ 2025ರ ಬಜೆಟ್ ಅಧಿವೇಶನದ ಹೊತ್ತಿಗೆ ಸದನದ ಮೇಜಿನ ಮೇಲೆ ಇರಬೇಕು. ಹೊಸ ದುಡ್ಡಿಗೆ ಬೇಡಿಕೆ ಮಂಡಿಸುವಾಗ ಹಿಂದಿನ ಹಿಂದಿನ ವರ್ಷದ ಲೆಕ್ಕವಾದರೂ ಕೈಯಲ್ಲಿ ಇರಬೇಕಲ್ಲ.

ಇಲ್ಲಿ ನಡೆಯುವ ಹಳೇ ಉಪಾಯ ಒಂದುಂಟು. ಸೆಪ್ಟೆಂಬರ್ 30ಕ್ಕೆ ಮಹಾಸಭೆ ಕರೆಯುತ್ತಾರೆ, ಲೆಕ್ಕಪತ್ರ ಸಿದ್ಧವಿಲ್ಲ ಎಂದು ಅದೊಂದು ವಿಷಯ ಬಿಟ್ಟು ಸಭೆ ಮುಂದೂಡುತ್ತಾರೆ. ಕಾಗದದ ಮೇಲೆ ಸಭೆ ಆಗಿದೆ, ಲೆಕ್ಕ ಮಾತ್ರ ಇಲ್ಲ. ಆದ್ದರಿಂದ "ಮಹಾಸಭೆ ನಡೆದಿದೆಯೇ" ಎಂದು ಕೇಳಬೇಡಿ. "ಯಾವ ವರ್ಷದ ಲೆಕ್ಕಪತ್ರ ಯಾವ ದಿನಾಂಕದ ಮಹಾಸಭೆಯಲ್ಲಿ ಅಂಗೀಕಾರವಾಯಿತು, ಯಾವ ದಿನಾಂಕದಂದು ಸದನದಲ್ಲಿ ಮಂಡನೆಯಾಯಿತು" ಎಂದು ಕೇಳಿ. ಎರಡು ದಿನಾಂಕ, ಅಷ್ಟೆ.

ಕುಲಶೇಖರ ಕೈಕಂಬ

ಸಿಎಜಿ ನೋಡ್ತಾರಲ್ಲ ಮಾರಾಯ್ರೆ, ಮತ್ತೆ ನಮಗೆಂತ ತಲೆಬಿಸಿ?

ಹಂಪನಕಟ್ಟೆ

ನೋಡಿದ್ದೆಲ್ಲ ಸದನಕ್ಕೆ ಬರುವುದಿಲ್ಲ. ಜಿಲ್ಲಾ ಕಚೇರಿಯಲ್ಲಿ ಪರಿಶೋಧನೆ ಮಾಡಿದಾಗ ಬರೆಯುವುದು ತಪಾಸಣಾ ವರದಿ. ಅದು ನಿಗಮಕ್ಕೂ ಇಲಾಖೆಗೂ ಹೋಗುತ್ತದೆ. ಗಂಭೀರ ಎನಿಸಿದ್ದು ಕರಡು ಕಂಡಿಕೆ ಆಗುತ್ತದೆ, ಇಲಾಖೆಯ ಉತ್ತರ ನೋಡಿ ಉಳಿದದ್ದು ಮಾತ್ರ ಅಚ್ಚಾದ ವರದಿಗೆ. ಅಚ್ಚಾದ ವರದಿ ಸದನಕ್ಕೆ ಬಂದ ಮೇಲೆ ಉದ್ದಿಮೆಗಳದ್ದು ಸಾರ್ವಜನಿಕ ಉದ್ದಿಮೆಗಳ ಸಮಿತಿಗೆ, ಇಲಾಖೆಯದ್ದು ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ. ನೂರು ಮಂದಿ ಸಾಲಗಾರರ ಬಾಂಡೇ ಕಡತದಲ್ಲಿಲ್ಲ ಎಂಬಂಥ ಸಂಗತಿ ಬಹುಮಟ್ಟಿಗೆ ತಪಾಸಣಾ ವರದಿಯಲ್ಲೇ ಮಲಗಿರುತ್ತದೆ.

ಇನ್ನೊಂದು: ಲೆಕ್ಕಪತ್ರವೇ ಅಂತಿಮವಾಗದಿದ್ದರೆ ಸಿಎಜಿ ಟೀಕೆ ಬರೆಯಲಿಕ್ಕೆ ಎಂತ ಉಂಟು? ಆಗ ಅವರು ಮಾಡುವುದು ಒಂದೇ, ರಾಜ್ಯ ಉದ್ದಿಮೆಗಳ ವರದಿಯ ಅನುಬಂಧದಲ್ಲಿ "ಲೆಕ್ಕಪತ್ರ ಬಾಕಿ ಇರುವ ಸಂಸ್ಥೆಗಳು" ಎಂಬ ಪಟ್ಟಿಗೆ ಹಾಕುವುದು, ಬಾಕಿ ಇದ್ದ ಅವಧಿಯಲ್ಲೂ ಸರ್ಕಾರ ಎಷ್ಟು ದುಡ್ಡು ಕೊಟ್ಟಿತು ಎಂದು ತೋರಿಸುವುದು. ಆ ಅನುಬಂಧ ಮೊದಲು ತೆಗೆದು ನೋಡಿ. ವರದಿಯ ಮುನ್ನುಡಿಗಿಂತ ಅದರಲ್ಲಿ ಹುರುಳಿದೆ.

ಲೆಕ್ಕದ ಶೆಟ್ರು

ಈಗ ವಸೂಲಿಗೆ ಬರುವ. "ವಸೂಲಾತಿ ಶೇ. 75" ಎಂಬ ಉತ್ತರ ಬಂದರೆ ಖುಷಿಪಡುವ ಮೊದಲು ಕೆಳಗೆ ಯಾವ ಅಂಕಿ ಇಟ್ಟು ಭಾಗಿಸಿದ್ದಾರೆ ನೋಡಿ. ಸುಮ್ಮನೆ ಉದಾಹರಣೆಗೆ ಒಂದು ಲೆಕ್ಕ ಹಾಕುತ್ತೇನೆ, ಯಾವ ನಿಗಮದ್ದೂ ಅಲ್ಲ.

ಹೊರಬಾಕಿ ಸಾಲ ಒಟ್ಟು 50 ಕೋಟಿ. ಇದರಲ್ಲಿ ಹಿಂದಿನ ವರ್ಷಗಳ ಕಟ್ಟದ ಕಂತು 8 ಕೋಟಿ. ಈ ವರ್ಷ ಬರಬೇಕಾದ ಹೊಸ ಕಂತು 4 ಕೋಟಿ. ಒಟ್ಟು ತಗಾದೆ 12 ಕೋಟಿ. ಬಂದದ್ದು 3 ಕೋಟಿ, ಅದರಲ್ಲಿ 1 ಕೋಟಿ ಹಳೇ ಬಾಕಿಯದ್ದು, 2 ಕೋಟಿ ಈ ವರ್ಷದ್ದು.

3 ಕೋಟಿಯನ್ನು ಈ ವರ್ಷದ 4 ಕೋಟಿಯಿಂದ ಭಾಗಿಸಿದರೆ ಶೇ. 75. ಒಟ್ಟು ತಗಾದೆ 12 ಕೋಟಿಯಿಂದ ಭಾಗಿಸಿದರೆ ಶೇ. 25. ಈ ವರ್ಷದ್ದಕ್ಕೆ ಈ ವರ್ಷದ್ದು ಮಾತ್ರ ಎಂದರೆ ಶೇ. 50. ಹೊರಬಾಕಿಗೆ ಹೋಲಿಸಿದರೆ ಶೇ. 6. ನಾಲ್ಕೂ ಅಂಕಿ ಗಣಿತದ ಪ್ರಕಾರ ಸರಿ, ಸುಳ್ಳು ಹೇಳಿದ್ದಾರೆ ಎನ್ನಲಿಕ್ಕೆ ಬರುವುದಿಲ್ಲ! ಹಾಗಾಗಿ ಶೇಕಡಾ ಕೇಳಲೇಬೇಡಿ. ತಗಾದೆ, ವಸೂಲಿ, ಬಾಕಿ, ಅಂದರೆ ಡಿಸಿಬಿ ಪಟ್ಟಿ ಕೇಳಿ, ಹಳೇದು ಹೊಸದು ಬೇರೆ ಬೇರೆ ಮಾಡಿ.

ಇನ್ನು ಡಿಸಿಬಿಯಲ್ಲೂ ಒಂದು ಕಿಂಡಿ ಉಂಟು. ಅರಿವು ಸಾಲದ ಕಂತು ಶುರುವಾಗುವುದು ಕೋರ್ಸ್ ಮುಗಿದ ಮೇಲೆ. ಹುಡುಗ ಎರಡನೇ ವರ್ಷದಲ್ಲೇ ಕಾಲೇಜು ಬಿಟ್ಟಿದ್ದರೆ? ಕಡತದ ಪ್ರಕಾರ ಅವನಿನ್ನೂ ವಿದ್ಯಾರ್ಥಿ, ತಗಾದೆಗೆ ಬರುವುದೇ ಇಲ್ಲ. ಮುಂದಿನ ವರ್ಷದ ಕಂತಿಗೆ ಅಂಕಪಟ್ಟಿ ಕೊಟ್ಟು ನವೀಕರಿಸಬೇಕಲ್ಲ, ಆ ನವೀಕರಣಕ್ಕೆ ಬಾರದವರ ಪಟ್ಟಿಯೇ ಕೋರ್ಸ್ ಬಿಟ್ಟವರ ಮೊದಲ ಸುಳಿವು. "ನವೀಕರಣಕ್ಕೆ ಬಾರದ ಸಾಲಗಾರರು ಎಷ್ಟು, ಅವರ ಮೇಲಿನ ಸಾಲ ಎಷ್ಟು" ಎಂದು ಕೇಳಿದರೆ ಜಿಲ್ಲಾ ಕಚೇರಿಯವರು ಲೆಡ್ಜರ್ ತೆಗೆಯಲೇಬೇಕಾಗುತ್ತದೆ.

ಕಾಪು ದೀಪಸ್ತಂಭ

ಹಲವು ಬ್ಯಾಂಕು ಹುಟ್ಟಿಸಿದ ಊರು ನಮ್ಮದು, ಸಾಲದ ವಯಸ್ಸು ಕೇಳದೆ ಬಿಟ್ಟರೆ ಹೇಗೆ ಶೆಟ್ರೇ? ಬ್ಯಾಂಕಿನಲ್ಲಿ 90 ದಿನ ಕಂತು ಬಾಕಿಯಾದರೆ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಲಾಭದಿಂದ ತೆಗೆದು ಬದಿಗಿಡಬೇಕು. ನಿಗಮದ ಅಡಾವೆಯಲ್ಲಿ "ಸಂಶಯಾಸ್ಪದ ಸಾಲಗಳಿಗೆ ಅವಕಾಶ" ಎಂಬ ಸಾಲು ಉಂಟಾ, ಎಷ್ಟು ವರ್ಷದಿಂದ ಅದೇ ಮೊತ್ತ ಕೂತಿದೆ ನೋಡಿ. 1 ವರ್ಷದೊಳಗಿನದ್ದು, 1ರಿಂದ 3 ವರ್ಷದ್ದು, 3 ವರ್ಷ ದಾಟಿದ್ದು ಎಂದು ಮೂರು ಪಾಲು ಮಾಡಿಸಿ ಕೇಳಿ.

3 ವರ್ಷದ ಗೆರೆ ಯಾಕೆಂದರೆ ವಾಯಿದೆ ಕಾಯ್ದೆ. 3 ವರ್ಷ ಕಳೆದ ಮೇಲೆ ದಾವೆ ಹೂಡಲಿಕ್ಕೆ ಬರುವುದಿಲ್ಲ.

ಕುಲಶೇಖರ ಕೈಕಂಬ

ಸರ್ಕಾರದ ದುಡ್ಡಿಗೆ 30 ವರ್ಷ ಅಲ್ವಾ?

ಕಾಪು ದೀಪಸ್ತಂಭ

ಸರ್ಕಾರವೇ ಹೂಡುವ ದಾವೆಗೆ 30 ವರ್ಷ, ಹೌದು. ನಿಗಮ ಪ್ರತ್ಯೇಕ ಕಂಪನಿ, ಸರ್ಕಾರ ಅಲ್ಲ. ಪೂರಾ ಷೇರು ಸರ್ಕಾರದ್ದೇ ಆದರೂ ಅಲ್ಲ. ಈ ತಪ್ಪು ತಿಳಿವಳಿಕೆಯಲ್ಲೇ ಎಷ್ಟೋ ಕಡತ ವಾಯಿದೆ ಮೀರುತ್ತವೆ.

ಭೂಕಂದಾಯ ಬಾಕಿಯ ಹಾಗೆ ವಸೂಲು ಮಾಡಲಿಕ್ಕೆ 1979ರ ಕರ್ನಾಟಕ ಸಾರ್ವಜನಿಕ ಹಣ ವಸೂಲಾತಿ ಕಾಯ್ದೆ ಉಂಟು. ಆದರೆ ವಾಯಿದೆ ಸತ್ತ ಸಾಲಕ್ಕೆ ಆ ದಾರಿಯೂ ಕಷ್ಟ; ಇಂಥದ್ದೇ ಕೇರಳದ ಕಾಯ್ದೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಕಲ್ಯಾಣಿಕುಟ್ಟಿ ಪ್ರಕರಣದಲ್ಲಿ ಹಾಗೇ ಹೇಳಿದೆ. ಪರಿಹಾರ ತೀರಾ ಸಣ್ಣದು: 3 ವರ್ಷ ಮುಗಿಯುವ ಮೊದಲು ಸಾಲಗಾರನಿಂದ "ಇಷ್ಟು ಬಾಕಿ ಉಂಟು" ಎಂದು ಸಹಿ ಹಾಕಿದ ಒಪ್ಪಿಗೆ ಪತ್ರ ತೆಗೆದುಕೊಳ್ಳುವುದು. ಸಹಿಯ ದಿನದಿಂದ ಹೊಸ 3 ವರ್ಷ. ಅವಧಿ ಮುಗಿದ ಮರುದಿನ ಸಹಿ ಹಾಕಿಸಿದರೆ ಈ ಪ್ರಯೋಜನ ಇಲ್ಲ.

ನಮ್ಮ ಕರಾವಳಿಯಲ್ಲಿ ಇದು ಇನ್ನೂ ಬಿಗಿ. ಕೋರ್ಸ್ ಮುಗಿದ ಕೂಡಲೇ ಬೆಂಗಳೂರು, ದುಬೈ. ಅರ್ಜಿಯಲ್ಲಿ ಕೊಟ್ಟ ಬಾಡಿಗೆ ಮನೆಯ ವಿಳಾಸಕ್ಕೆ ನೋಟಿಸು ಹೋಗಿ "ವಿಳಾಸದಾರರಿಲ್ಲ" ಎಂದು ಅಂಚೆಯವನು ಬರೆದು ವಾಪಸ್ ತರುತ್ತಾನೆ. ಬಾಂಡಿಗೆ ಜಾಮೀನು ಹಾಕಿದ ಪೋಷಕರ ವಿಳಾಸ ಬೇರೆ ಪುಟದಲ್ಲಿ ಇರುತ್ತದೆ, ಅಲ್ಲಿಗೆ ಯಾರೂ ಕಳಿಸಿರುವುದಿಲ್ಲ.

ಶಂಕರಪುರ ಮಲ್ಲಿಗೆ

ದೀಪಸ್ತಂಭದವರು ಹೇಳಿದ್ದಕ್ಕೆ ನನ್ನದೊಂದು ಆಕ್ಷೇಪ. ಬ್ಯಾಂಕಿನ ಗಜಕಡ್ಡಿಯಿಂದ ಇದನ್ನು ಅಳೆಯಬೇಡಿ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಕೋರ್ಸ್ ಅವಧಿ ಮತ್ತೆ 1 ವರ್ಷ ರಜೆ, 7.5 ಲಕ್ಷದವರೆಗಿನದ್ದಕ್ಕೆ 2015ರಿಂದ ಶೇ. 75ರ ಖಾತರಿ ನಿಧಿ. ನಿಗಮಕ್ಕೆ ಅಂಥ ದಿಂಬು ಇಲ್ಲ. ಮೇಲಿಂದ ಆದಾಯ ನೋಡಿ: 1 ಲಕ್ಷ ಸಾಲಕ್ಕೆ ಶೇ. 2 ಎಂದರೆ ವರ್ಷಕ್ಕೆ ಹೆಚ್ಚೆಂದರೆ 2,000 ರೂ. 10 ಕೋಟಿ ಹೊರಬಾಕಿಗೆ 20 ಲಕ್ಷ. ಅದರಲ್ಲಿ ಜಿಲ್ಲಾ ಕಚೇರಿಗಳ ಸಂಬಳ, ನೋಟಿಸು, ಲೆಕ್ಕ ಪರಿಶೋಧನೆ. ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಇದನ್ನು ಮಾಡಿದ್ದೇ ಅಲ್ಲ. ಬಾಕಿ ಹೆಚ್ಚು ಎಂದು ಸದನದಲ್ಲಿ ಗದ್ದಲ ಮಾಡಿಸಿದರೆ ಮುಂದಿನ ವರ್ಷ ಯೋಜನೆಗೇ ಕತ್ತರಿ ಬೀಳುತ್ತದೆ, ಪೆಟ್ಟು ತಿನ್ನುವುದು ಪಿಯುಸಿ ಮುಗಿಸಿದ ಮಕ್ಕಳು.

ಕಾಪು ದೀಪಸ್ತಂಭ

ಅದು ಒಪ್ಪುವ ಮಾತು. ಎನ್‌ಪಿಎ ಎಂದು ಕೂಗುವುದು ಬೇಡ, ವಯಸ್ಸುವಾರು ಪಟ್ಟಿ ಬೇಕು ಅಷ್ಟೆ. ಆದರೆ ಅಕ್ಕ, ಶೇ. 2ರಲ್ಲಿ ನಡೆಯುವ ಕಂಪನಿ ಲಾಭ ತೋರಿಸಿದರೆ ಆಗ ಹೆಚ್ಚು ಅನುಮಾನ ಬರಬೇಕು. ಖರ್ಚಾಗದೆ ಉಳಿದ ಸರ್ಕಾರದ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟ ಬಡ್ಡಿಯಿಂದ ಲಾಭ ಬಂದಿರಬಹುದು. ಅರ್ಜಿ ಹಾಕಿದವರು ಕಾಯುತ್ತಿರುವಾಗ ಠೇವಣಿ ಬೆಳೆಯುತ್ತಿದ್ದರೆ ಅದೊಂದು ಪ್ರಶ್ನೆ. ಲಾಭ-ನಷ್ಟ ಪಟ್ಟಿಯಲ್ಲಿ "ಇತರ ಆದಾಯ" ಎಂಬ ಸಾಲನ್ನೂ "ಸಾಲದ ಮೇಲಿನ ಬಡ್ಡಿ" ಎಂಬ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಹಂಪನಕಟ್ಟೆ

ಠೇವಣಿ ಎಂದ ಮೇಲೆ ಬ್ಯಾಂಕ್ ಖಾತೆಗಳ ವಿಷಯ ಬಿಡಲಿಕ್ಕಿಲ್ಲ. 2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಬ್ಯಾಂಕ್ ಖಾತೆಯಿಂದ ದುಡ್ಡು ಹೊರಗಿನ ಖಾತೆಗಳಿಗೆ ಹೋಯಿತು, ಸಚಿವರು ರಾಜೀನಾಮೆ ಕೊಟ್ಟರು, ಸುಮಾರು 89 ಕೋಟಿ ಅಕ್ರಮವಾಗಿ ವರ್ಗವಾಗಿದೆ ಎಂದು ಮುಖ್ಯಮಂತ್ರಿಯೇ ಸದನದಲ್ಲಿ ಹೇಳಿದರು. ಅದು ಶಿಕ್ಷಣ ಸಾಲದ್ದಲ್ಲ, ಆದರೆ ನಿಗಮದ ಸ್ವರೂಪ ಒಂದೇ. ಲೆಕ್ಕಪತ್ರ ಎರಡು ವರ್ಷ ತಡವಾದರೆ ಇಂಥದ್ದು ಎರಡು ವರ್ಷ ಕಾಣುವುದಿಲ್ಲ. ಮಾರ್ಚ್ 31ರಂದು ಇದ್ದ ಖಾತೆಗಳ ಪಟ್ಟಿ, ಪ್ರತಿಯೊಂದಕ್ಕೂ ಬ್ಯಾಂಕೇ ನೇರವಾಗಿ ಪರಿಶೋಧಕರಿಗೆ ಕೊಟ್ಟ ಶಿಲ್ಕು ದೃಢೀಕರಣ ಉಂಟಾ ಇಲ್ಲವಾ, ಇಷ್ಟು ಕೇಳಿಸಿ.

ಜಿಲ್ಲಾ ಮಟ್ಟದಲ್ಲಿ ಇನ್ನೊಂದು ಕಿಂಡಿ: ಸೀಟು ಬದಲಾವಣೆ. ಫೀಸು ವಿದ್ಯಾರ್ಥಿಯ ಕೈಗೆ ಹೋಗದೆ ನೇರ ಪರೀಕ್ಷಾ ಪ್ರಾಧಿಕಾರಕ್ಕೋ ಕಾಲೇಜಿಗೋ ಹೋಗುವಾಗ, ಎರಡನೇ ಸುತ್ತಿನಲ್ಲಿ ಬೇರೆ ಕಾಲೇಜು ಸಿಕ್ಕಿ ಮೊದಲಿನದ್ದು ರದ್ದಾದರೆ ವಾಪಸ್ ಬರುವ ಮೊತ್ತ ನಿಗಮಕ್ಕೆ ಬರಬೇಕು. ಅದು ವಿದ್ಯಾರ್ಥಿಯ ಖಾತೆಗೆ ಹೋದರೆ, ಅಥವಾ ಬಂದರೂ ಯಾರ ಸಾಲಕ್ಕೆ ಜಮೆ ಮಾಡಬೇಕೆಂದು ಗೊತ್ತಾಗದೆ "ಅಮಾನತು ಖಾತೆ"ಯಲ್ಲಿ ಕೂತರೆ, ಆ ಹುಡುಗಿಯ ಹೆಸರಲ್ಲಿ ಎರಡು ಸಲ ಫೀಸು ಕೊಟ್ಟ ಹಾಗೆ ಲೆಡ್ಜರ್ ತೋರಿಸುತ್ತದೆ. ಅಮಾನತು ಖಾತೆಯ ಮೊತ್ತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯಾ ಎಂಬುದು ಅಡಾವೆಯಲ್ಲೇ ಕಾಣುತ್ತದೆ. ಸಿಎ ವರದಿಯಲ್ಲಿ "ಸಾಲಗಾರರ ಲೆಡ್ಜರ್ ಸಾಮಾನ್ಯ ಲೆಡ್ಜರ್‌ಗೆ ತಾಳೆಯಾಗಿಲ್ಲ" ಎಂಬ ವಾಕ್ಯ ಇದ್ದರೆ ಅಲ್ಲಿ ಬೆರಳಿಟ್ಟು ನಿಲ್ಲಿ, ಉಳಿದ ಅಂಕಿಗಳನ್ನು ಆಮೇಲೆ ನಂಬುವ.

ಪಡುಬಿದ್ರಿ ಗಾಳಿ

ಇದನ್ನೆಲ್ಲ ಜಿಲ್ಲೆಯ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಕೇಳಿದರೆ ಆಗುವುದಿಲ್ವಾ? ಮಣಿಪಾಲದ ಜಿಲ್ಲಾಡಳಿತ ಕಚೇರಿ ರಜತಾದ್ರಿಗೆ ಹೋದರೆ ಸಾಕು, ವಿಧಾನಸೌಧದವರೆಗೆ ಯಾಕೆ?

ಲೆಕ್ಕದ ಶೆಟ್ರು

ಕೆಡಿಪಿಯಲ್ಲಿ ನೋಡುವುದು ಗುರಿ ಮತ್ತು ಸಾಧನೆ. ಭೌತಿಕ ಗುರಿ ಇಷ್ಟು, ಆರ್ಥಿಕ ಗುರಿ ಇಷ್ಟು, ಖರ್ಚು ಇಷ್ಟು. ಖರ್ಚು ಶೇ. 100 ಆದರೆ ಬೆನ್ನು ತಟ್ಟುತ್ತಾರೆ. ವಸೂಲಿಯ ಕಾಲಂ ಆ ನಮೂನೆಯಲ್ಲಿ ಮುಖ್ಯವೇ ಅಲ್ಲ. ಜಿಲ್ಲೆಯ ಡಿಸಿಬಿ ಅಲ್ಲಿ ಸಿಗಬಹುದು, ಕೇಳಿ ಇಟ್ಟುಕೊಳ್ಳಿ. ಆದರೆ ಅಡಾವೆ ಪತ್ರಿಕೆ, ಠೇವಣಿ, ಖಾತರಿ ಇವೆಲ್ಲ ಕೇಂದ್ರ ಕಚೇರಿಯವು, ಜಿಲ್ಲಾ ವ್ಯವಸ್ಥಾಪಕರಿಗೆ ಕೇಳಿ ಪ್ರಯೋಜನ ಇಲ್ಲ, ಪಾಪ.

ಬಲ್ಮಠ ಗುಡ್ಡೆ

ತಡವಾಗಿ ಬಂದೆ. ಸಮಿತಿಯ ಮಿತಿ ಯಾರೂ ಹೇಳಲಿಲ್ಲ. ಸಾರ್ವಜನಿಕ ಉದ್ದಿಮೆಗಳ ಸಮಿತಿಯಲ್ಲಿ ಎರಡೂ ಸದನದವರು ಇರುತ್ತಾರೆ. ನಿಗಮದ ಲೆಕ್ಕ, ವರದಿ, ಅದರ ಮೇಲಿನ ಸಿಎಜಿ ವರದಿ ಅವರು ನೋಡಬಹುದು, ವ್ಯವಸ್ಥಾಪಕ ನಿರ್ದೇಶಕರನ್ನು ಕರೆಸಿ ಸಾಕ್ಷ್ಯ ತೆಗೆದುಕೊಳ್ಳಬಹುದು. ಆದರೆ ಶೇ. 2 ಯಾಕೆ, ಶೇ. 4 ಯಾಕಲ್ಲ ಎಂಬುದು ಸರ್ಕಾರದ ನೀತಿ, ಅದು ಸಮಿತಿಯ ವ್ಯಾಪ್ತಿ ಅಲ್ಲ. ದಿನನಿತ್ಯದ ಆಡಳಿತವೂ ಅಲ್ಲ. ಯಾರದ್ದೋ ಒಬ್ಬರ ಸಾಲದ ಅರ್ಜಿ ತಿರಸ್ಕಾರವಾದ ಕತೆ ಹಿಡಿದು ಸಮಿತಿಗೆ ಮನವಿ ಕೊಟ್ಟರೆ ಪಕ್ಕಕ್ಕೆ ಇಡುತ್ತಾರೆ.

ಮತ್ತೊಂದು ಮುಜುಗರದ ಮಾತು. ಸ್ವಯಂ ಉದ್ಯೋಗದಂಥ ಸಾಲಗಳಿಗೆ ಫಲಾನುಭವಿ ಆಯ್ಕೆ ಸಮಿತಿಗೆ ಶಾಸಕರೇ ಅಧ್ಯಕ್ಷರು. ನಿಗಮದ ಅಧ್ಯಕ್ಷ ಸ್ಥಾನವೂ ಎಷ್ಟೋ ಸಲ ಶಾಸಕರಿಗೇ. ಪಟ್ಟಿ ಮಾಡಿದವರೇ ಪಟ್ಟಿಯ ಲೆಕ್ಕ ಕೇಳಬೇಕು! ಅರಿವು ಸಿಇಟಿ ಪ್ರವೇಶದ ಮೇಲೆ ನಿಂತಿರುವುದರಿಂದ ಆ ಕೈವಾಡ ಕಡಿಮೆ, ಹಾಗಾಗಿ ಕೇಳಲಿಕ್ಕೆ ಯಾರಿಗೂ ನಾಚಿಕೆ ಆಗಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ ಪರಿಷತ್ತಿನ ಸದಸ್ಯರೇ ಒಳ್ಳೆಯದು. ನೈರುತ್ಯ ಪದವೀಧರ ಕ್ಷೇತ್ರದವರಿಗೆ ಇದಕ್ಕಿಂತ ಸರಿಯಾದ ವಿಷಯ ಎಂತ ಉಂಟು? ಮತದಾರರೆಲ್ಲ ಓದಿದವರೇ.

ಕುಲಶೇಖರ ಕೈಕಂಬ

ಸಾಲ ಮನ್ನಾದ್ದು ಬಿಟ್ಟಿರಿ. 2013ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಈ ನಿಗಮಗಳ ಸಾಲಮನ್ನಾ ಘೋಷಣೆ ಆಗಿತ್ತು.

ಬಲ್ಮಠ ಗುಡ್ಡೆ

ಒಳ್ಳೆ ನೆನಪು. ಮನ್ನಾ ಎಂದರೆ ಸಾಲಗಾರನ ಲೆಕ್ಕ ಚುಕ್ತಾ, ಆದರೆ ನಿಗಮದ ಪುಸ್ತಕದಲ್ಲಿ ಆ ಮೊತ್ತ "ಸರ್ಕಾರದಿಂದ ಬರಬೇಕಾದದ್ದು" ಎಂದು ಸ್ಥಳ ಬದಲಿಸುತ್ತದೆ. ಸರ್ಕಾರ ತುಂಬಿಕೊಟ್ಟಿತಾ, ಎಷ್ಟು, ಉಳಿದದ್ದು ಇನ್ನೂ ಆಸ್ತಿ ಬದಿಯಲ್ಲಿ ಉಂಟಾ? ಯಾವ ಯೋಜನೆಯ ಸಾಲ ಮನ್ನಾಕ್ಕೆ ಸೇರಿತು, ಯಾವುದು ಸೇರಲಿಲ್ಲ ಎಂಬ ಆದೇಶದ ಪ್ರತಿಯೂ ಬೇಕು. ಮನ್ನಾ ಆಗುತ್ತದೆಂಬ ಸುದ್ದಿಯೇ ಸಾಕು ಕಂತು ನಿಲ್ಲಲಿಕ್ಕೆ, ಅದು ಡಿಸಿಬಿಯಲ್ಲಿ ಚುನಾವಣೆಯ ವರ್ಷ ನೋಡಿದರೆ ಗೊತ್ತಾಗುತ್ತದೆ.

ಶಂಕರಪುರ ಮಲ್ಲಿಗೆ

ಪ್ರಶ್ನೆ ಕಳಿಸುವ ಮೊದಲು ಕಾಗದ ಕೈಯಲ್ಲಿರಲಿ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂ. ಕಟ್ಟಿದರೆ ನಿಗಮ ಸಲ್ಲಿಸಿದ ಎಒಸಿ-4 ನಮೂನೆ ಸಿಗುತ್ತದೆ. ಅಡಾವೆ, ಸಿಎ ವರದಿ ಅದರ ಜೊತೆ ಇರುತ್ತವೆ. ಮಹಾಸಭೆಯಾಗಿ 30 ದಿನದೊಳಗೆ ಅದನ್ನು ಹಾಕಬೇಕು. ಕೊನೆಯದಾಗಿ ಹಾಕಿದ ವರ್ಷ ಯಾವುದು ಎಂದು ನೋಡಿದರೆ ಲೆಕ್ಕ ಎಷ್ಟು ಹಿಂದೆ ಬಿದ್ದಿದೆ ಎಂಬುದು ಪ್ರಶ್ನೆ ಕೇಳದೆಯೇ ಗೊತ್ತಾಯಿತು.

ತಪಾಸಣಾ ವರದಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂ. ಶುಲ್ಕ, ಪುಟಕ್ಕೆ 2 ರೂ., ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ತಪಾಸಣಾ ವರದಿಯೂ ಡಿಸಿಬಿಯೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಎರಡು ಅರ್ಜಿ, ಎರಡು ಪೋಸ್ಟಲ್ ಆರ್ಡರ್.

ಲೆಕ್ಕದ ಶೆಟ್ರು

ಸರಿ, ಕರಡು ಇಲ್ಲಿದೆ. ಲಿಖಿತ ಉತ್ತರ ಮಾತ್ರ ಬರುವ ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದೇ ಇಟ್ಟಿದ್ದೇನೆ. ಚುಕ್ಕೆ ಗುರುತಿನದ್ದಾದರೆ ಸದನದಲ್ಲಿ ಉಪಪ್ರಶ್ನೆ ಕೇಳಬಹುದು ನಿಜ, ಆದರೆ ನಮಗೆ ಬೇಕಾದದ್ದು ಪಟ್ಟಿ, ಮಾತಲ್ಲ.

(ಅ) ನಿಗಮದ ಕಳೆದ 5 ವರ್ಷಗಳ ಲೆಕ್ಕಪತ್ರಗಳು ಯಾವ ದಿನಾಂಕದ ಮಹಾಸಭೆಯಲ್ಲಿ ಅಂಗೀಕೃತವಾಗಿವೆ, ಕಲಂ 395ರಂತೆ ಸದನದಲ್ಲಿ ಮಂಡಿಸಿದ ದಿನಾಂಕಗಳು ಯಾವುವು, (ವರ್ಷವಾರು)

(ಆ) ಅರಿವು ಯೋಜನೆಯ ಪ್ರಾರಂಭದ ಬಾಕಿ, ಚಾಲ್ತಿ ತಗಾದೆ, ಹಳೇ ಬಾಕಿಯ ವಸೂಲಿ, ಚಾಲ್ತಿ ವಸೂಲಿ, ಅಂತಿಮ ಬಾಕಿ ಎಷ್ಟು; ಅಂತಿಮ ಬಾಕಿಯಲ್ಲಿ 1 ವರ್ಷದೊಳಗಿನದ್ದು, 1ರಿಂದ 3 ವರ್ಷದ್ದು, 3 ವರ್ಷ ಮೀರಿದ್ದು ಎಷ್ಟು; (ಜಿಲ್ಲಾವಾರು, ವರ್ಷವಾರು)

(ಇ) 3 ವರ್ಷ ಮೀರಿದ ಪ್ರಕರಣಗಳಲ್ಲಿ ಬಾಕಿ ಒಪ್ಪಿಗೆ ಪತ್ರ ಪಡೆದವು ಎಷ್ಟು; 1979ರ ಕಾಯ್ದೆಯಡಿ ಕ್ರಮ ಆರಂಭಿಸಿದವು ಎಷ್ಟು;

(ಈ) ಪ್ರತಿ ವರ್ಷದ ಮಾರ್ಚ್ 31ಕ್ಕೆ ನಿಗಮದ ಬ್ಯಾಂಕ್ ಠೇವಣಿಗಳ ಮೊತ್ತ, ಅದರ ಮೇಲಿನ ಬಡ್ಡಿ, ಅದೇ ದಿನಾಂಕಕ್ಕೆ ಮಂಜೂರಾಗದೆ ಬಾಕಿ ಇದ್ದ ಅರಿವು ಅರ್ಜಿಗಳ ಸಂಖ್ಯೆ ಎಷ್ಟು?

ಹಂಪನಕಟ್ಟೆ

(ಈ) ಚೆನ್ನಾಗಿದೆ, ಠೇವಣಿಯೂ ಕಾಯುವವರೂ ಒಂದೇ ಸಾಲಿನಲ್ಲಿ. (ಅ)ದಲ್ಲಿ ಸಿಎಜಿ ಟೀಕೆ ಬಂದ ದಿನಾಂಕವೂ ಸೇರಿಸಿ, ತಡ ಯಾರ ಮೇಜಿನ ಮೇಲೆ ಆಯಿತು ಎಂದು ಗೊತ್ತಾಗಬೇಕು.

"ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂಬ ಸಾಲು ಇಲ್ಲದಿರುವುದು ಒಳ್ಳೆಯದೇ ಆಯಿತು. ಅದಕ್ಕೆ ಎದುರಿನ ಕಾಲಂನಲ್ಲಿ "ಬಂದಿದೆ" ಎಂದು ಬರೆದು ಕೈತೊಳೆಯುತ್ತಾರೆ. 5 ವರ್ಷ ಎಂದಿರಿಸಿದರೆ ಮಾತ್ರ "ಮಾಹಿತಿಯನ್ನು ಕ್ರೋಢೀಕರಿಸಲಾಗುತ್ತಿದೆ" ಎಂಬ ಉತ್ತರಕ್ಕೆ ದಾರಿ ಮಾಡಿಕೊಟ್ಟ ಹಾಗೆ. (ಆ)ವನ್ನು 3 ವರ್ಷಕ್ಕೆ ಇಳಿಸಿ. 31 ಜಿಲ್ಲೆ ಬೇಡ, ದಕ್ಷಿಣ ಕನ್ನಡ, ಉಡುಪಿ ಮತ್ತೆ ರಾಜ್ಯದ ಒಟ್ಟು ಸಾಕು.

ಬಲ್ಮಠ ಗುಡ್ಡೆ

ಮತ್ತೆ, ಹಾಗೆ ಉತ್ತರ ಬಂದರೆ ಅದನ್ನು ಕಳೆದುಕೊಳ್ಳಬೇಡಿ. ಸಚಿವರು "ಒದಗಿಸಲಾಗುವುದು" ಎಂದು ಸದನದಲ್ಲಿ ಹೇಳಿದರೆ ಅದು ಭರವಸೆ, ಸರ್ಕಾರಿ ಭರವಸೆಗಳ ಸಮಿತಿಗೆ ಹೋಗುತ್ತದೆ. ಸದಸ್ಯರ ಕಚೇರಿಯಿಂದ ಆ ಸಮಿತಿಗೆ ಒಂದು ಜ್ಞಾಪನಾ ಪತ್ರ ಹೋಗುತ್ತಿದ್ದರೆ ಇಲಾಖೆ ಎಂದಾದರೂ ಉತ್ತರ ಕೊಡಲೇಬೇಕು.

ಲೆಕ್ಕದ ಶೆಟ್ರು

ತಿದ್ದಿದೆ. (ಆ) 3 ವರ್ಷ, ಎರಡು ಜಿಲ್ಲೆ ಮತ್ತು ರಾಜ್ಯ. (ಅ)ಗೆ ಸಿಎಜಿ ದಿನಾಂಕ ಸೇರಿತು. ಮನ್ನಾದ್ದನ್ನು ಇದರಲ್ಲಿ ಸೇರಿಸಿದರೆ ಭಾರ ಹೆಚ್ಚಾಗುತ್ತದೆ, ಅದಕ್ಕೆ ಬೇರೆ ಪ್ರಶ್ನೆ.

ಆಪ್ತ ಸಹಾಯಕರಿಗೆ ಕಳಿಸುವವರು ಗಮನಿಸಿ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನೂ ಪಿಡಿಎಫ್ ಅನ್ನೂ ಎರಡೂ ಕಳಿಸಿ. ಫಾಂಟ್ ಅದಲುಬದಲಾಗಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದರೆ ಅವರು ಮತ್ತೆ ಮೊದಲಿಂದ ಬರೆಯುತ್ತಾರೆ, ಆಗ ಬ್ರ್ಯಾಕೆಟ್ಟಿನ "ವರ್ಷವಾರು" ಎಲ್ಲ ಹಾರಿಹೋಗುತ್ತದೆ. ಅದು ಹಾರಿದರೆ ಒಂದೇ ಮೊತ್ತದ ಉತ್ತರ ಬರುತ್ತದೆ.